ಹೊಸ ಕಂಪ್ಯೂಟರಿಗೆ ಯಾವ ಆಫೀಸ್ ಹಾಕೋದು?

ಹೊಸ ಲ್ಯಾಪ್‌ಟಾಪ್ ಆನ್ ಮಾಡಿದರೆ ವರ್ಡ್, ಎಕ್ಸೆಲ್ ಎಲ್ಲ ಆಗಲೇ ಅದರಲ್ಲಿ ಇರುತ್ತವೆ. ಕಂಪ್ಯೂಟರಿನ ಜೊತೆ ಬಂದಿದೆ, ಇನ್ನೇನು ಅಂತ ಕೆಲಸ ಶುರು ಮಾಡಿಬಿಡುತ್ತೇವೆ. ಕೆಲವು ಮಾಡೆಲ್‌ಗಳಲ್ಲಿ ಅದು ನಿಜವಾಗಿಯೂ ನಿಮ್ಮದೇ. ಆದರೆ ಎಷ್ಟೋ ಸಲ ಅದು ಮೈಕ್ರೋಸಾಫ್ಟ್ 365ರ, ಅಂದರೆ ಬಾಡಿಗೆ ಕಟ್ಟಿ ಬಳಸುವ ಆಫೀಸಿನ, ಟ್ರಯಲ್ ಅಷ್ಟೇ. ಅವಧಿ ಮುಗಿದ ಮೇಲೆ ಫೈಲು ತೆರೆಯುತ್ತದೆ, ಪ್ರಿಂಟೂ ಆಗುತ್ತದೆ, ಒಂದಕ್ಷರ ತಿದ್ದಲು ಮಾತ್ರ ಬಿಡಲ್ಲ. ಹಾಗಾಗಿ ಟ್ರಯಲ್ ಇರುವಾಗಲೇ ಯೋಚನೆ ಮಾಡಿ.

ಯಾವ ಆಫೀಸ್ ಸಾಫ್ಟ್‌ವೇರಿನಲ್ಲಿ ಏನೇನಿದೆ ಅಂತ ಪಟ್ಟಿ ಹಿಡಿದು ಕೂರೋದು ಸುಮ್ನೆ ಟೈಮ್ ವೇಸ್ಟ್. ನಮ್ಮಲ್ಲಿ ಹೆಚ್ಚಿನವರು ಬಳಸುವ ಸವಲತ್ತುಗಳು ಎಲ್ಲದರಲ್ಲೂ ಇವೆ. ನಾನು ಕೇಳೋದು ಒಂದೇ: ನಿಮ್ಮ ಫೈಲು ಯಾರ ಕೈಗೆ ಹೋಗುತ್ತದೆ? ಬರೆದು ನೀವೇ ಇಟ್ಟುಕೊಳ್ಳುತ್ತೀರಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸುತ್ತೀರಿ ಅಂದರೆ ವರ್ಡ್, ಎಕ್ಸೆಲ್ ಮಾಡುವ ಕೆಲಸವನ್ನೇ ಮಾಡುವ ಲಿಬ್ರೆ ಆಫೀಸ್ ಸಾಕು. ಪುಕ್ಕಟೆ ಸಿಗುತ್ತದೆ, ಅಕೌಂಟ್ ಕೇಳಲ್ಲ, ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ನೀವು ಕಳಿಸಿದ ಫೈಲನ್ನು ಆಚೆಯವರು ವರ್ಡಿನಲ್ಲಿ ತಿದ್ದಿ, ಪಕ್ಕದಲ್ಲಿ ಕಾಮೆಂಟ್ ಹಾಕಿ ವಾಪಸ್ ಕಳಿಸಿ, ನೀವು ಮತ್ತೆ ತಿದ್ದಿ, ಹೀಗೆ ದಿನವೂ ಹೋಗಿ ಬರುತ್ತಿದ್ದರೆ ಅವರು ಬಳಸೋದನ್ನೇ ತಗೊಳ್ಳಿ, ದುಡ್ಡು ಹೋದರೂ ತಲೆನೋವು ತಪ್ಪುತ್ತದೆ.

ತಲೆನೋವು ಹೇಗಿರುತ್ತದೆ ಅಂದರೆ, ಒಂದೇ ಪುಟಕ್ಕೆ ಅಚ್ಚುಕಟ್ಟಾಗಿ ಕೂರಿಸಿದ ರೆಸ್ಯೂಮೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಸಹಿಯ ಗೆರೆ ಮಾತ್ರ ಎರಡನೇ ಪುಟಕ್ಕೆ ಜಾರಿರುತ್ತದೆ. ಬಹಳ ಸಲ ಇದಕ್ಕೆ ಕಾರಣ ಸಾಫ್ಟ್‌ವೇರ್ ಅಲ್ಲ, ಫಾಂಟ್. 2007ರಿಂದ ವರ್ಡಿನಲ್ಲಿ ತಾನಾಗಿ ಬರುತ್ತಿದ್ದ ಫಾಂಟ್ ಕ್ಯಾಲಿಬ್ರಿ. ಅದು ಇಲ್ಲದ ಕಡೆ ಬೇರೆ ಫಾಂಟ್ ಬಂದು ಕೂರುತ್ತದೆ, ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ಸಾಕು, ಸಾಲು ಮುರಿಯುವ ಜಾಗ ಬದಲಾಗಿ ಕೆಳಗಿನದೆಲ್ಲ ಸರಿಯುತ್ತಾ ಹೋಗುತ್ತದೆ. ಇದಕ್ಕೆಂದೇ ಲಿಬ್ರೆ ಆಫೀಸ್ ಜೊತೆ ಕಾರ್ಲಿಟೋ ಅನ್ನುವ ಫಾಂಟ್ ಬರುತ್ತದೆ. ನೋಡೋಕೆ ಸ್ವಲ್ಪ ಬೇರೆ, ಅಗಲ ಮಾತ್ರ ಕ್ಯಾಲಿಬ್ರಿಯದೇ. 2023ರಿಂದ ಮೈಕ್ರೋಸಾಫ್ಟ್ ಕ್ಯಾಲಿಬ್ರಿ ಬಿಟ್ಟು ಆಪ್ಟೋಸ್ ಹಿಡಿದಿದೆ, ಹಳೆಯ ವರ್ಡ್ ಇರುವವರ ಹತ್ತಿರವೇ ಅದು ಇರದೆ ಹೋಗಬಹುದು! ಮುಖ್ಯವಾದ ಕಾಗದವಾದರೆ ಫಾಂಟನ್ನು ಫೈಲಿನ ಒಳಗೇ ಸೇರಿಸಿ ಸೇವ್ ಮಾಡಿ. ವರ್ಡಿನಲ್ಲೂ ಲಿಬ್ರೆಯಲ್ಲೂ ಆ ಆಯ್ಕೆ ಇದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಥೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆಫೀಸ್ ಬದಲಿಸಿದರೆ ಇದು ಸರಿಹೋಗಲ್ಲ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅನ್ನುವ ಅಕ್ಷರ ಪದ್ಧತಿಗೆ ಕನ್ವರ್ಟ್ ಮಾಡಲೇಬೇಕು. ಸಿಎಸ್‌ವಿ ಫೈಲಿನ, ಅಂದರೆ ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿಯ, ವಿಷಯ ಬೇರೆ. ಯೂನಿಕೋಡ್ ಕನ್ನಡ ಇರುವ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಕೆಲವು ಸಲ ಹೆಸರುಗಳೆಲ್ಲ ಚಿತ್ರವಿಚಿತ್ರವಾಗುತ್ತವೆ. ಲಿಬ್ರೆಯಲ್ಲಿ ಎಕ್ಸೆಲ್ ಜಾಗದಲ್ಲಿರುವ ಕ್ಯಾಲ್ಕ್, ಫೈಲು ತೆರೆಯುವ ಮೊದಲೇ ಯಾವ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು, ಅಂತ ಕೇಳುತ್ತದೆ. ಇದೊಂದಕ್ಕಾಗಿಯೇ ಅದನ್ನು ಇಟ್ಟುಕೊಳ್ಳಬಹುದು ನೋಡಿ.

ಲೆಕ್ಕಪತ್ರದ ಕೆಲಸವಿದ್ದರೆ ಶೀಟಿನಲ್ಲಿ ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂ, ಇದೆಯಾ ಅಂತ ನೋಡಿ. ಎಕ್ಸೆಲ್‌ನಲ್ಲಿ ವಿಬಿಎ ಅನ್ನುವ ಮ್ಯಾಕ್ರೋ ಭಾಷೆಯಲ್ಲಿ ಬರೆದು ಕಟ್ಟಿದ ಶೀಟುಗಳು ಲಿಬ್ರೆಯಲ್ಲಿ ಕೆಲವು ನಡೆಯುತ್ತವೆ, ಕೆಲವು ಇಲ್ಲ. ಗೂಗಲ್ ಶೀಟ್ಸ್‌ನಲ್ಲಿ ನಡೆಯೋದೇ ಇಲ್ಲ. ಮೈಕ್ರೋಸಾಫ್ಟಿನದೇ ಪುಕ್ಕಟೆ ಎಕ್ಸೆಲ್ ಬ್ರೌಸರಿನಲ್ಲಿ ಸಿಗುತ್ತದಲ್ಲ, ಅದರಲ್ಲೂ ಇಲ್ಲ. ಮ್ಯಾಕ್ರೋ ಇದ್ದರೆ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗುವ ಎಕ್ಸೆಲ್ಲೇ ಬೇಕು ಅನ್ನಿ.

ಗೂಗಲ್ ಡಾಕ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಾಲ್ಕು ಜನ ಒಟ್ಟಿಗೆ ಒಂದೇ ಫೈಲಿನಲ್ಲಿ ಬರೆಯೋಕೆ ಅದರಷ್ಟು ಸಲೀಸು ನನಗೆ ಬೇರೆ ಕಂಡಿಲ್ಲ. ಆದರೆ ಪುಕ್ಕಟೆ ಸಿಗುವ 15 ಜಿಬಿಯನ್ನು ಜಿಮೇಲ್, ಫೋಟೋ ಎಲ್ಲ ಹಂಚಿಕೊಳ್ಳುತ್ತವೆ, ಮತ್ತೆ ನೆಟ್ ಇಲ್ಲದಾಗ ಬೇಕೆಂದರೆ ಆಫ್‌ಲೈನ್ ಸೆಟ್ಟಿಂಗನ್ನು ಮುಂಚೆಯೇ ಆನ್ ಮಾಡಿರಬೇಕು.

ದುಡ್ಡು ಕೊಡೋದೇ ಆದರೆ ಎರಡು ದಾರಿ. 365 ಅಂದರೆ ಬಾಡಿಗೆ, ಕಟ್ಟೋದು ನಿಲ್ಲಿಸಿದರೆ ತಿದ್ದೋದೂ ನಿಂತಿತು. ಜೊತೆಗೆ 1 ಟಿಬಿ ಕ್ಲೌಡ್ ಜಾಗ ಸಿಗುತ್ತದೆ, ಅದು ಬೇಕಾದವರಿಗೆ ಲಾಭವೇ. ಒಂದೇ ಸಲ ಕೊಂಡುಕೊಳ್ಳುವ ಆಫೀಸ್ 2024 ಒಂದು ಕಂಪ್ಯೂಟರಿಗೆ ಮಾತ್ರ, ಹೊಸ ಸವಲತ್ತು ಸೇರಲ್ಲ, ಸೆಕ್ಯುರಿಟಿ ಅಪ್‌ಡೇಟ್ 2029ರ ಅಕ್ಟೋಬರ್ ತನಕ. ಯಾರೋ ಆಫೀಸ್ 2016 ಅಥವಾ 2019ರ ಕೀ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಬೇಡ ಅನ್ನಿ. ಎರಡಕ್ಕೂ 2025ರ ಅಕ್ಟೋಬರ್‌ಗೇ ಸಪೋರ್ಟ್ ಮುಗಿದಿದೆ.

ಪುಕ್ಕಟೆ ಅಂತ ಹುಡುಕಿದರೆ ಓಪನ್ ಆಫೀಸ್ ಕೂಡ ಕಣ್ಣಿಗೆ ಬೀಳುತ್ತದೆ, ಹೆಸರು ಹಳೆಯದು, ಹಾಗಾಗಿ ನಂಬಿಕೆ. 2010ರಲ್ಲಿ ಅದನ್ನು ಕಟ್ಟುತ್ತಿದ್ದವರಲ್ಲಿ ಬಹಳ ಮಂದಿ ಬೇರೆಯಾಗಿ ಲಿಬ್ರೆ ಆಫೀಸ್ ಶುರು ಮಾಡಿದರು. ಓಪನ್ ಆಫೀಸ್ 4.1 ಬಂದಿದ್ದು 2014ರಲ್ಲಿ, ಆಮೇಲೆ ಸಣ್ಣಪುಟ್ಟ ರಿಪೇರಿ ಅಷ್ಟೇ. ಲಿಬ್ರೆಯನ್ನೇ ಹಾಕಿ.

ಇಷ್ಟಾದ ಮೇಲೂ ಅನುಮಾನವಿದ್ದರೆ ನಿಮ್ಮ ಹತ್ತಿರವಿರುವ ಅತಿ ಕ್ಲಿಷ್ಟವಾದ ಫೈಲಿನ ಒಂದು ನಕಲು ತೆಗೆದು ಲಿಬ್ರೆಯಲ್ಲಿ ತೆರೆಯಿರಿ. ಟೇಬಲ್ಲು, ಪುಟಸಂಖ್ಯೆ, ಅಡಿಟಿಪ್ಪಣಿ ನೋಡಿ. ಒಂದೆರಡು ಸಾಲು ತಿದ್ದಿ ವರ್ಡಿನ ಫೈಲ್ ರೂಪವಾದ ಡಾಕ್ಸ್‌ಎಕ್ಸ್ ಆಗಿಯೇ ಸೇವ್ ಮಾಡಿ, ಟ್ರಯಲ್ ವರ್ಡಿನಲ್ಲಿ ಮತ್ತೆ ತೆರೆಯಿರಿ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಜಗಳವಿಲ್ಲದೆ ಇರುತ್ತವೆ. ಸರಿಯಾಗಿ ಬಂತು ಅಂದರೆ ಲಿಬ್ರೆಯ ಆಪ್ಷನ್ಸ್‌ನಲ್ಲಿ ಲೋಡ್/ಸೇವ್ ಅನ್ನುವ ಕಡೆ ಹೋಗಿ, ಯಾವಾಗಲೂ ಡಾಕ್ಸ್‌ಎಕ್ಸ್‌ನಲ್ಲೇ ಸೇವ್ ಆಗುವ ಹಾಗೆ ಮಾಡಿಡಿ. ಇಲ್ಲದಿದ್ದರೆ ಅದು ಹೊಸ ಫೈಲನ್ನು ತನ್ನದೇ ರೂಪವಾದ ಒಡಿಟಿಯಲ್ಲಿ ಸೇವ್ ಮಾಡುತ್ತದೆ, ಆಮೇಲೆ ಫೈಲು ಓಪನ್ ಆಗ್ತಿಲ್ಲ ಅಂತ ಫೋನ್ ಬರುತ್ತದೆ.