ಅಲಾನಿಸ್ ರೇಗಿದ್ದು ಸರಿಯಾಗಿಯೇ ಇತ್ತು

"ಸಾಕ್ಷ್ಯಚಿತ್ರ ಮಾಡುವವರು ಹಾಗೆಲ್ಲ ರೇಗಬಾರದು. ಕೇಳಬೇಕು, ಸುಮ್ನೆ ಇರಬೇಕು." ಮೊನ್ನೆ ಇಲ್ಲಿ ಮಾಂಟ್ರಿಯಲ್‌ನಲ್ಲಿ, ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಅಂದ ಮಾತು. ಒಳ್ಳೆಯವರೇ, ಆದರೆ ಯಾರ ಸಿಟ್ಟನ್ನೂ ಸಹಿಸದ ಜಾತಿ. ಅವರು ಹೇಳಿದ್ದು ಕೆನಡಾದ ಮೂಲನಿವಾಸಿ ಸಾಕ್ಷ್ಯಚಿತ್ರ ನಿರ್ದೇಶಕಿ ಅಲಾನಿಸ್ ಒಬಾಮ್ಸಾವಿನ್ ಅವರ 1984ರ 'ಇನ್ಸಿಡೆಂಟ್ ಅಟ್ ರೆಸ್ಟಿಗೂಶ್' ಚಿತ್ರದ ಒಂದು ದೃಶ್ಯದ ಬಗ್ಗೆ.

ಆ ರಾತ್ರಿ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ನೋಡಿದೆ. 1981ರ ಜೂನ್‌ನಲ್ಲಿ, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಪೊಲೀಸರು ಮಿಗ್‌ಮಾ ಎಂಬ ಮೂಲನಿವಾಸಿ ಜನರ ಊರು ರೆಸ್ಟಿಗೂಶ್‌ಗೆ ಎರಡು ಸಲ ನುಗ್ಗಿದ್ದರು. ಸಾಲ್ಮನ್ ಹಿಡಿಯುವ ಬಲೆಗಳನ್ನು ಕಿತ್ತುಕೊಂಡರು. ಜನರನ್ನು ಹೊಡೆದರು, ಬಂಧಿಸಿದರು. ಆಗ ಕ್ವಿಬೆಕ್‌ನ ಮೀನುಗಾರಿಕೆಯ ಮಂತ್ರಿಯಾಗಿದ್ದ ಲೂಸಿಯೆನ್ ಲೆಸಾರ್ ಅಲಾನಿಸ್ ಎದುರಿಗೆ ಕೂತಿದ್ದಾರೆ. ಸ್ವಂತ ಸಂಸ್ಕೃತಿ, ಭಾಷೆ, ನೆಲ ಇದ್ದವರು ಮಾತ್ರ ಸಾರ್ವಭೌಮತ್ವ ಕೇಳಬಹುದು ಅಂತ ಈ ಮಂತ್ರಿ ಮಿಗ್‌ಮಾ ಮುಖಂಡರಿಗೆ ಹೇಳಿದ್ದರು. ಅಲಾನಿಸ್ ಆ ಮಾತನ್ನು ಅವರ ಮುಖಕ್ಕೇ ಹೇಳುತ್ತಾರೆ. ಇಡೀ ಕೆನಡಾ ನಮ್ಮ ಜನರದ್ದು, ನಾವು ಹಂಚಿಕೊಂಡೆವು, ನೀವು ತೆಗೆದುಕೊಳ್ಳುತ್ತಲೇ ಹೋದಿರಿ ಅನ್ನುತ್ತಾರೆ. ದನಿಯಲ್ಲಿ ಸಿಟ್ಟಿದೆ. ಮುಚ್ಚಿಡುವುದಿಲ್ಲ.

ಅದೇ ಮಂತ್ರಿಯ ಪಕ್ಷ 1977ರಲ್ಲಿ ಫ್ರೆಂಚ್ ಉಳಿಸಲು ಕಾನೂನು ತಂದಿತ್ತು. 1980ರಲ್ಲಿ ಕ್ವಿಬೆಕ್‌ನ ಸಾರ್ವಭೌಮತ್ವಕ್ಕಾಗಿ ಜನಮತ ಕೇಳಿತ್ತು. ಕನ್ನಡದವಳಾಗಿ ನನಗೆ ಅವರ ಭಾಷೆಯ ಹಟ ಅರ್ಥವಾಗುತ್ತದೆ. ಗೌರವವೂ ಇದೆ. ಅದಕ್ಕೇ ಮಂತ್ರಿಯ ಆ ಮಾತು ಜಾಸ್ತಿ ಚುಚ್ಚಿತು. ತನ್ನ ಭಾಷೆ ಹೋದೀತೆಂಬ ಭಯ ಗೊತ್ತಿದ್ದವರಿಗೆ ಪಕ್ಕದವರ ಭಾಷೆ ಕಾಣಲೇ ಇಲ್ಲ, ಅಲ್ವಾ?

ಇನ್ನು ಸಹೋದ್ಯೋಗಿ ಅಂದ 'ಕೇಳಬೇಕು' ಅನ್ನುವ ಮಾತು. ಅಲಾನಿಸ್ ಅವರಷ್ಟು ಕೇಳಿದವರು ಯಾರಿದ್ದಾರೆ? ಅಬೆನಾಕಿ ಎಂಬ ಮೂಲನಿವಾಸಿ ಸಮುದಾಯದ ಹಾಡುಗಾರ್ತಿ. 1967ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗೆ ಬಂದವರು, 50ಕ್ಕೂ ಹೆಚ್ಚು ಚಿತ್ರ ಮಾಡಿದರು. ಮೊದಲು ಕ್ಯಾಮೆರಾ ಒಯ್ಯುವುದಿಲ್ಲ. ಒಬ್ಬರೇ ಹೋಗಿ, ಕೂತು, ಜನರ ಮಾತನ್ನು ಟೇಪ್ ಮಾಡಿಕೊಳ್ಳುತ್ತಾರೆ. 1990ರಲ್ಲಿ ಕ್ವಿಬೆಕ್‌ನ ಓಕಾದಲ್ಲಿ ಗಾಲ್ಫ್ ಮೈದಾನ ದೊಡ್ಡದು ಮಾಡಲು ಮೊಹಾಕ್ ಮೂಲನಿವಾಸಿಗಳ ಪೈನ್ ಕಾಡು, ಸಮಾಧಿ ನೆಲಕ್ಕೆ ಕೈ ಹಾಕಿದರು. ಆಗ 78 ದಿನಗಳ ಆ ಸಂಘರ್ಷವನ್ನು ಅಡ್ಡಗಟ್ಟೆಯ ಒಳಗಿದ್ದು ಚಿತ್ರಿಸಿದವರು ಇವರೇ. ಇಷ್ಟು ತಾಳ್ಮೆಯವರು ಒಬ್ಬ ಮಂತ್ರಿಯ ಮುಂದೆ ರೇಗಿದರೆ, ಆ ಸಿಟ್ಟೂ ದಾಖಲಾಗಬೇಕಾದದ್ದೇ. ಬಲೆ ಕಳೆದುಕೊಂಡವರ ಮನೆಗಳಲ್ಲಿ ಅದೇ ಸಿಟ್ಟು ಇತ್ತು. ಅದನ್ನು ಕತ್ತರಿಸಿದ್ದರೆ ಮಂತ್ರಿಗೆ ಮಾತ್ರ ಲಾಭ.

ಇನ್ನೊಂದು ವಿಷಯ. ಮೂಲನಿವಾಸಿಗಳನ್ನು ಮಾತಾಡಿಸಿ ಸಾಕು, ಬಿಳಿಯರನ್ನು ಬೇಡ ಅಂತ ಮಂಡಳಿಯಲ್ಲೇ ಅವರಿಗೆ ಹೇಳಿದ್ದರಂತೆ. ಅವರು ಒಪ್ಪಲಿಲ್ಲ. ನೇರ ಮಂತ್ರಿಯನ್ನೇ ಕೇಳಲು ಹೋದರು.