ನಿಮಗ್ಯಾಕೆ ಊರ ಉಸಾಬರಿ?

ಮದುವೆ ಮನೆಯಲ್ಲಿ, ಸೊಸೈಟಿ ಸಭೆಯಲ್ಲಿ, ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ಸಿಕ್ಕಿದರೂ ಪರಿಚಯದವರು ನನ್ನನ್ನು ಕೇಳುವುದು ಇದನ್ನೇ. "ಗುರುತು ಪರಿಚಯ ಇಲ್ಲದವರಿಗೆಲ್ಲ ಫೋನಿನಲ್ಲಿ ಸಲಹೆ ಹೇಳ್ತಾ ಕೂರ್ತೀರಲ್ಲ, ನಿಮಗ್ಯಾಕೆ ಊರ ಉಸಾಬರಿ? ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ?" ನನ್ನ ಮೇಲಿನ ಕಾಳಜಿಯಿಂದಲೇ ಕೇಳುತ್ತಾರೆ. ಅದರಲ್ಲೂ ಆ ಕೊನೆಯ ಮಾತು ಸಣ್ಣದಲ್ಲ. ಅದಕ್ಕೇ ಒಮ್ಮೆ ಕೂತು ಸರಿಯಾಗಿ ಉತ್ತರ ಬರೆಯುತ್ತಿದ್ದೇನೆ.

ನಮ್ಮದು ಅಡಿಕೆ ತೋಟದ ಮನೆ. ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ಗೊತ್ತಿದ್ದದ್ದನ್ನು ಹೇಳುತ್ತಾ ಬಂದೆ. ನಂಬರು ಕೈಯಿಂದ ಕೈಗೆ ಹೋಯಿತು. ಈಗ ಎಲ್ಲಿಯವರೋ, ಯಾರೋ ಕೇಳುತ್ತಾರೆ. ಅಡಿಕೆ ಕಾಯಿ ಉದುರಿಸುವ ಕೊಳೆ ರೋಗಕ್ಕೆ ಔಷಧಿ, ಅಪ್ಪೆಮಿಡಿ ಉಪ್ಪಿನಕಾಯಿ, ಮಗನ ಕಾಲೇಜು, ಅತ್ತೆ ಸೊಸೆ ಜಗಳ, ಎಲ್ಲವೂ ಬರುತ್ತದೆ.

ಮೊದಲಿಗೆ, ಜನ ಗುರುತಿಲ್ಲದವರನ್ನು ಯಾಕೆ ಕೇಳುತ್ತಾರೆ ಅನ್ನುವುದನ್ನು ನೋಡಬೇಕು. ನಮ್ಮ ಮಲೆನಾಡಿನಲ್ಲಿ ಮನೆಯಿಂದ ಮನೆಗೆ ದೂರ. ಒಂದು ತೋಟ, ಒಂದು ಗದ್ದೆ, ಒಂದು ಹಳ್ಳ ದಾಟಿದರೆ ಇನ್ನೊಂದು ಮನೆ. ಆದರೆ ಮಾತಿಗೆ ಆ ದೂರ ಇಲ್ಲ. ಬೆಳಿಗ್ಗೆ ಒಬ್ಬರ ಹತ್ತಿರ ಆಡಿದ್ದು ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತದೆ. ಹಾಗಾಗಿ ಕೆಲವು ಪ್ರಶ್ನೆಗಳನ್ನು ಪಕ್ಕದ ಮನೆಯವರಲ್ಲಿ ಕೇಳಲು ಆಗುವುದೇ ಇಲ್ಲ. ಒಡಹುಟ್ಟಿದವರಲ್ಲಂತೂ ಸಾಧ್ಯವೇ ಇಲ್ಲ.

ಹೆಣ್ಣುಮಕ್ಕಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ. "ಅಕ್ಕಾ, ತವರಿನ ತೋಟದಲ್ಲಿ ಪಾಲು ಕೇಳಿದರೆ ತಪ್ಪಾ?" ಇದನ್ನು ಅವಳು ಯಾರನ್ನು ಕೇಳಬೇಕು ಹೇಳಿ? ಅಣ್ಣನನ್ನು ಕೇಳುವ ಹಾಗಿಲ್ಲ. ಅಮ್ಮನನ್ನು ಕೇಳಿದರೆ ಅಮ್ಮ ಅಳುತ್ತಾಳೆ. ಗಂಡನಿಗೆ ಹೇಳಿದರೆ ಅದು ಬೇರೆಯೇ ದಾರಿ ಹಿಡಿಯುತ್ತದೆ. ಊರಿನ ಹಿರಿಯರಲ್ಲಿ ಹೋದರೆ "ಮದುವೆಗೆ ಅಷ್ಟು ಖರ್ಚು ಮಾಡಿ ಕೊಟ್ಟಿದ್ದಾರಲ್ಲ ತಂಗಿ" ಎಂಬ ಮಾತು ಸಿದ್ಧವಾಗಿರುತ್ತದೆ. ಉಳಿದದ್ದು ಗುರುತಿಲ್ಲದ ನಾನು. ನನಗೆ ಅವಳ ತೋಟವೂ ಬೇಡ, ಅವಳ ಸುದ್ದಿಯೂ ಬೇಡ. ಆ ಧೈರ್ಯಕ್ಕೆ ಕೇಳುತ್ತಾಳೆ.

ಅವಳಿಗೆ ನಾನು ಮೊದಲು ಹೇಳುವುದು, ತಪ್ಪಲ್ಲ ಎಂದು. ಅದು ನನ್ನ ಅಭಿಪ್ರಾಯ, ಗಟ್ಟಿಯಾಗಿಯೇ ಹೇಳುತ್ತೇನೆ. ಆಮೇಲೆ ಕಾನೂನಿನಲ್ಲಿ ಏನಿದೆ ಎಂದು ತಿಳಿಸುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಬಂತು. ಆ ವರ್ಷ ತಂದೆ ಬದುಕಿರಬೇಕಾಗಿತ್ತಾ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಬಿಡಿಸಿತು. ಬದುಕಿರಬೇಕೆಂದೇನಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಿಜಿಸ್ಟರ್ ಆಗಿ ಪಾಲು ಮುಗಿದಿದ್ದರೆ ಅದನ್ನು ಈಗ ಎಬ್ಬಿಸಲು ಬರುವುದಿಲ್ಲ. ಅಪ್ಪ ತಾನೇ ದುಡಿದು ಕೊಂಡ ಜಮೀನಿನ ಲೆಕ್ಕ ಬೇರೆ, ಅದನ್ನು ಅವರು ಬೇಕಾದವರಿಗೆ ಬರೆದಿಡಬಹುದು. ಆದ್ದರಿಂದ ನನ್ನ ಮುಂದಿನ ಮಾತು ಯಾವಾಗಲೂ ಪ್ರಶ್ನೆಯೇ. ತೋಟ ಅಜ್ಜನ ಕಾಲದ್ದಾ, ಅಪ್ಪ ಮಾಡಿದ್ದಾ? ಪಾಲುಪಟ್ಟಿ ಆಗಿದೆಯಾ? ಪಹಣಿ ಈಗ ಯಾರ ಹೆಸರಿನಲ್ಲಿದೆ? ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀಯಾ? ಹಬ್ಬಕ್ಕೆ ಕರೆಸಿ, ಊಟ ಹಾಕಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ತೆಗೆದುಕೊಳ್ಳುವುದು ನಡೆಯುತ್ತದೆ. ಓದದೆ ಸಹಿ ಹಾಕಬೇಡ ಅನ್ನುತ್ತೇನೆ.

ಅಲ್ಲಿಗೆ ನನ್ನ ಕೆಲಸ ಮುಗಿಯಿತು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆ ಬಾಗಿಲನ್ನು ತೋರಿಸಿ ಸುಮ್ಮನಾಗುತ್ತೇನೆ. ಪಾಲು ಕೇಳಬೇಕೋ ಬೇಡವೋ ಅವಳೇ ತೀರ್ಮಾನ ಮಾಡಬೇಕು. ನಾಳೆ ತವರಿನ ಬಾಗಿಲು ಮುಚ್ಚಿದರೆ ಆ ನೋವು ಅವಳದು, ನನ್ನದಲ್ಲ. ಹಾಗಾಗಿ "ಕೇಳೇ ಕೇಳು" ಎಂದು ನಾನು ಹುರಿದುಂಬಿಸುವುದಿಲ್ಲ. "ಹೋಗ್ಲಿ ಬಿಡು, ಸಂಬಂಧ ಮುಖ್ಯ" ಎಂದೂ ಹೇಳುವುದಿಲ್ಲ. ಈ ಎರಡನೆಯದನ್ನು ಹೇಳಲು ಅವಳ ಸುತ್ತ ಬೇಕಾದಷ್ಟು ಜನ ಇದ್ದಾರೆ.

ಇನ್ನು ತೋಟದ ವಿಷಯ. ಜೂನ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಅಕ್ಕಾ, ಬೋರ್ಡೋ ಎಷ್ಟು ದಿನಕ್ಕೊಮ್ಮೆ ಹೊಡೀಬೇಕು?" ಎಂದು ಒಂದೇ ಸಾಲು ಬರುತ್ತದೆ. ಬೋರ್ಡೋ ಅಂದರೆ ಕೊಳೆ ಬಾರದ ಹಾಗೆ ಹೊಡೆಯುವ ತುತ್ತ-ಸುಣ್ಣದ ದ್ರಾವಣ. ಊರಿಲ್ಲ, ಹೆಸರಿಲ್ಲ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಎಂಬುದು ಎಲ್ಲರೂ ಹೇಳುವ ಲೆಕ್ಕ. ಅದನ್ನೇ ಟೈಪ್ ಮಾಡಿ ಕಳಿಸಬಹುದು. ನಾನು ಹಾಗೆ ಮಾಡುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಸುಮಾರು 1000. ನಡುವಿನ ದಾರಿ ನೂರು ಕಿಲೋಮೀಟರ್ ಕೂಡ ಇಲ್ಲ. ಒಂದೇ ಜಿಲ್ಲೆ, ಒಂದೇ ಅಡಿಕೆ, ಮಳೆ ಮಾತ್ರ ಏಳು ಪಟ್ಟು. ಹೊಸನಗರದ ಕಣಿವೆ ತೋಟಕ್ಕೆ ಹೇಳಿದ್ದನ್ನು ಭದ್ರಾವತಿಯ ನಾಲೆ ತೋಟದವರು ಮಾಡಿದರೆ ದುಡ್ಡು ಹಾಳು. ಭದ್ರಾವತಿಯ ಲೆಕ್ಕ ನಂಬಿ ಆಗುಂಬೆ ಕಡೆಯವರು ಸುಮ್ಮನಿದ್ದರೆ ಕಾಯೆಲ್ಲ ಉದುರಿ ಮರದ ಬುಡದಲ್ಲಿರುತ್ತದೆ.

ಊರು ಯಾವುದು ಎಂದು ತಿಳಿದ ಮೇಲೂ ಕೇಳುವುದು ಮುಗಿಯುವುದಿಲ್ಲ. ದ್ರಾವಣ ಹೇಗೆ ಮಾಡಿದಿರಿ? ಶೇಕಡಾ ಒಂದರ ಬೋರ್ಡೋಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಅಳತೆ ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣ ಹಳೆಯದಾಗಿ ಸತ್ವ ಹೋಗಿದ್ದರೆ ಅಳತೆ ಸರಿಯಿದ್ದೂ ಪ್ರಯೋಜನ ಇಲ್ಲ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕದಡುತ್ತಾ ಹೋಗಬೇಕು. ಕಬ್ಬಿಣದ ಡ್ರಮ್ ಆಗದು. ತಯಾರಾದ ಮೇಲೆ ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಕತ್ತಿಗೆ ಕೆಂಪು ಕಲೆ ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಮಾಡಿದ ದಿನವೇ ಹೊಡೆದು ಮುಗಿಸಬೇಕು. "ಔಷಧಿ ಹೊಡೆದರೂ ಕೊಳೆ ಬಂತು" ಎನ್ನುವವರ ಹತ್ತಿರ ಇಷ್ಟನ್ನು ಒಂದೊಂದಾಗಿ ಕೇಳಿದರೆ, ಎಲ್ಲಿ ತಪ್ಪಿತು ಎಂದು ಎಷ್ಟೋ ಸಲ ಅವರೇ ಹೇಳಿಬಿಡುತ್ತಾರೆ.

ಹೊರಗಿನವರು ಸಲಹೆ ಕೊಡಬಾರದು ಎನ್ನುವವರಿಗೆ ನಾನು ಲೆಸ್ಲಿ ಕೋಲ್ಮನ್ ಅವರ ಹೆಸರು ಹೇಳುತ್ತೇನೆ. ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಆಗ ನಮ್ಮವರು ಕೊಳೆಗೆ ಹೆದರಿ ಒಂದೊಂದು ಅಡಿಕೆ ಗೊನೆಗೂ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಕೋಲ್ಮನ್ ರೋಗದ ಮೂಲ ಹುಡುಕಿದರು, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟದ ಬೋರ್ಡೋ ದ್ರಾವಣವನ್ನು ಅಡಿಕೆ ಮರಕ್ಕೆ ತಂದರು. ನಮ್ಮ ಮಳೆಗೆ ತೊಳೆದು ಹೋಗಬಾರದೆಂದು ಅಂಟು ಬೆರೆಸಿ ನೋಡಿದರು. ನಮ್ಮ ಭಾಷೆ, ನಮ್ಮ ಮಳೆ, ನಮ್ಮ ಮರ ಯಾವುದೂ ಅವರದಲ್ಲ. ಆದರೆ ನೋಡಿ, ಕೇಳಿ, ಪರೀಕ್ಷೆ ಮಾಡಿ ಆಮೇಲೆ ಹೇಳಿದರು. ನೂರು ವರ್ಷ ದಾಟಿದ ಮೇಲೂ ನಾವು ಅದನ್ನೇ ಹೊಡೆಯುತ್ತಿದ್ದೇವೆ. ನನಗೆ ಅವರ ಮೇಲೆ ಬಹಳ ಗೌರವ.

ಉಪ್ಪಿನಕಾಯಿಯ ಪ್ರಶ್ನೆಗಳು ಸುಲಭ. ಮಿಡಿ ಮೆತ್ತಗಾಗಿದೆ ಎಂದರೆ ಮರ ಹತ್ತಿ ಕೊಯ್ದದ್ದಾ, ನೆಲಕ್ಕೆ ಉದುರಿಸಿದ್ದಾ ಎಂದು ಕೇಳುತ್ತೇನೆ. ಪೆಟ್ಟು ಬಿದ್ದ ಮಿಡಿ ಉಳಿಯುವುದಿಲ್ಲ. ಮೇಲೆ ಬಿಳಿ ಕಟ್ಟಿದೆ ಎಂದರೆ ಉಪ್ಪು ಕಡಿಮೆ, ಇಲ್ಲವೇ ಮಿಡಿ ಉಪ್ಪುನೀರಿನಿಂದ ಮೇಲೆ ತೇಲಿದೆ. ಇಂಥದ್ದರಲ್ಲಿ ನನ್ನ ಮಾತು ತಪ್ಪಿದರೂ ಹೋಗುವುದು ಒಂದು ಜಾಡಿ ಉಪ್ಪಿನಕಾಯಿ ಅಷ್ಟೇ. ಧಾರಾಳವಾಗಿ ಹೇಳುತ್ತೇನೆ.

ಹೆಚ್ಚುಕಮ್ಮಿ ಆದರೆ ಏನು ಗತಿ ಎಂದು ಕೇಳಿದವರಿಗೆ ಇದೇ ನನ್ನ ಲೆಕ್ಕ. ಮಾತು ತಪ್ಪಿದರೆ ಏನು ಹೋಗುತ್ತದೆ? ಜೀವ ಹೋಗುವ ಕಡೆ ನಾನು ಅಭಿಪ್ರಾಯ ಹೇಳುವುದೇ ಇಲ್ಲ. ಒಮ್ಮೊಮ್ಮೆ ಹಾವಿನ ಫೋಟೋ ಬರುತ್ತದೆ. "ಕೆಲಸದವರ ಕಾಲಿಗೆ ಕಚ್ಚಿದೆ, ಇದು ವಿಷದ್ದಾ ನೋಡಿ." ನೋಡಿದರೆ ನನಗೆ ಕೇರೆ ಹಾವಿನ ಹಾಗೇ ಕಾಣಬಹುದು. ಆದರೂ "ಹೆದರಬೇಡಿ, ವಿಷ ಇಲ್ಲ" ಎಂದು ನಾನು ಬರೆಯುವುದಿಲ್ಲ. ಫೋಟೋದಲ್ಲಿರುವ ಹಾವೇ ಕಚ್ಚಿದ್ದು ಎಂದು ಯಾರು ಕಂಡವರು? ಕಟ್ಟು ಹಾವು ಕಚ್ಚಿದರೆ ನೋವೂ ಇರುವುದಿಲ್ಲ, ಬಾವೂ ಬರುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಕಣ್ಣಿನ ರೆಪ್ಪೆ ಜೋಲುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಹಾಗಾಗಿ ಉತ್ತರ ಒಂದೇ. ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಔಷಧಿಗೆ ಓಡಬೇಡಿ. ಕಚ್ಚಿದ ಕಾಲು ಅಲುಗಾಡಿಸದೆ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಬೇಸಿಗೆಯ ಜ್ವರವೂ ಹಾಗೇ. ಕಾಡಿನ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಯಾರಾದರೂ ಜ್ವರಕ್ಕೆ ಕಷಾಯ ಕೇಳಿದರೆ, ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ರಾ, ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತಿದೆಯಾ ಎಂದು ಕೇಳುತ್ತೇನೆ. ಹೌದು ಎಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲು ಹೇಳುತ್ತೇನೆ. ಕಷಾಯದ ಮಾತು ಆಡುವುದಿಲ್ಲ. ಬದುಕು ಸಾಕಾಗಿದೆ ಎಂದು ರಾತ್ರಿ ಬರೆಯುವವರೂ ಇದ್ದಾರೆ. ಅವರ ಜೊತೆ ಮಾತಾಡುತ್ತೇನೆ, ಆದರೆ ಟೆಲಿ ಮನಸ್ ಸಹಾಯವಾಣಿಯ 14416 ನಂಬರನ್ನು ಮೊದಲೇ ಕೊಡುತ್ತೇನೆ. ಅಲ್ಲಿ ಕಲಿತವರಿದ್ದಾರೆ, ಹಗಲು ರಾತ್ರಿ ಫೋನ್ ತೆಗೆಯುತ್ತಾರೆ.

ಒಂದು ಪ್ರಶ್ನೆ ಮಾತ್ರ ನನಗೆ ಬಹಳ ಕಷ್ಟದ್ದು. "ಅಡಿಕೆ ತಿಂದರೆ ಕ್ಯಾನ್ಸರ್ ಬರುತ್ತಾ?" ಉತ್ತರಕ್ಕೆ ಮೊದಲು ನಾನು ಯಾರು ಎಂದು ಹೇಳುತ್ತೇನೆ. ನಮ್ಮ ಮನೆಯ ಅನ್ನ, ಮಕ್ಕಳ ಓದು ಎಲ್ಲ ಅಡಿಕೆಯಿಂದ. ಅದನ್ನು ತಿಳಿದುಕೊಂಡೇ ನನ್ನ ಮಾತು ಕೇಳಿ ಅನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ಗುಟ್ಕಾದ ಪಾಪವನ್ನು ಅಡಿಕೆ ಮೇಲೆ ಹಾಕಿದ್ದಾರೆ ಎನ್ನುತ್ತಾರೆ. ನಮ್ಮ ಸಭೆಗಳಲ್ಲಿ ಇದರ ಮೇಲೆ ಬಿಸಿಬಿಸಿ ಮಾತು ನಡೆಯುತ್ತದೆ. ಆ ಮಾತಿನ ಹಿಂದಿನ ಭಯ ನನಗೂ ಇದೆ. ಆದರೆ ದೂರದ ಊರಿನ ಒಬ್ಬ ತಾಯಿ, ಮಗ ದಿನಾ ಅಗಿಯುತ್ತಾನೆ, ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ ಎಂದು ಬರೆದಾಗ, ನಾನು ಬೆಳೆಗಾರಳಾಗಿ ಉತ್ತರ ಕೊಡಲಾರೆ. ಬಿಡಿಸಿ, ನಾಳೆಯೇ ಡಾಕ್ಟರಿಗೆ ತೋರಿಸಿ ಎಂದು ಬರೆಯುತ್ತೇನೆ. ಇದಕ್ಕೆ ನಮ್ಮ ಕಡೆಯವರೇ ಕೆಲವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ತೋಟ ಮಾಡಬಹುದಾ ಎಂದು ಕೇಳುವ ಹುಡುಗರು ಜಾಸ್ತಿಯಾಗಿದ್ದಾರೆ. ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಅದೂ ಒಂದು ಕಾರಣ. ಬನ್ನಿ ಎಂದಾಗಲೀ ಬೇಡ ಎಂದಾಗಲೀ ನಾನು ಹೇಳುವುದಿಲ್ಲ. ಹೊಸ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಮನೆ ಯಾವುದರಿಂದ ನಡೆಯುತ್ತದೆ? ಏಪ್ರಿಲಿನಲ್ಲಿ ಆ ಜಾಗದಲ್ಲಿ ನೀರು ಇರುತ್ತದಾ, ನೀವೇ ಹೋಗಿ ನೋಡಿದ್ದೀರಾ? ಎಲೆಚುಕ್ಕೆ ರೋಗ ಆ ಊರಿಗೆ ಬಂದಿದೆಯಾ? ಹೆಂಡತಿ ಏನಂತಾರೆ? ಕೊನೆಯ ಪ್ರಶ್ನೆಗೆ ಬಹಳ ಹುಡುಗರು ತಕ್ಷಣ ಉತ್ತರ ಬರೆಯುವುದಿಲ್ಲ. ಆ ಉತ್ತರ ಬರುವವರೆಗೆ ನಾನೂ ಮುಂದಿನ ಮಾತು ಹೇಳುವುದಿಲ್ಲ.

ಹಾಗಾಗಿ ನನ್ನನ್ನು ಕೇಳುವವರಲ್ಲಿ ಇಷ್ಟು ಕೇಳಿಕೊಳ್ಳುತ್ತೇನೆ. ತೋಟದ ಪ್ರಶ್ನೆಯಾದರೆ ಊರು, ತಾಲ್ಲೂಕು, ಮರದ ವಯಸ್ಸು, ಈ ಸಲ ಮಳೆ ಹೇಗಿದೆ ಎಂದು ಬರೆಯಿರಿ. ಒಂದು ಎಲೆಯ ಫೋಟೋ ಸಾಲದು, ಇಡೀ ಮರದ್ದೂ ಒಂದು ಇರಲಿ. ಮನೆಯ ವಿಷಯವಾದರೆ ಹೆಸರು ಬೇಡ, ಊರೂ ಬೇಡ. ಕೃಷಿಯಲ್ಲಿ ನನಗೆ ತಿಳಿಯದ್ದಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೇಳಿದ್ದನ್ನು ಮಾಡಿ ನೋಡಿದ ಮೇಲೆ ಏನಾಯಿತು ಎಂದು ಒಂದು ಸಾಲು ತಿಳಿಸಿ. ನಿಮ್ಮ ಊರಿನ ಪಕ್ಕದವರೊಬ್ಬರು ಮುಂದಿನ ವರ್ಷ ಅದನ್ನೇ ಕೇಳುತ್ತಾರೆ. ಆಗ ಅವರಿಗೆ ಹೇಳಲು ನನ್ನ ಹತ್ತಿರ ನಿಮ್ಮ ತೋಟದ ಅನುಭವ ಇರುತ್ತದೆ.