ಒಂದು ಗ್ರಾಮಿನ ಮರಿ

ನಿನ್ನೆ ಊರಲ್ಲಿ ನಮ್ಮ ಹಸು ಕರು ಹಾಕಿತು. ಅಮ್ಮ ಮೈ ಒರೆಸುತ್ತಿದ್ದ ಹಾಗೆಯೇ ನಡುಗುವ ಕಾಲೂರಿ, ಎರಡು ಸಲ ಮುಗ್ಗರಿಸಿ, ಮೂರನೇ ಸಲಕ್ಕೆ ಎದ್ದು ನಿಂತು ಕೆಚ್ಚಲು ಹುಡುಕಿತು. ಸುಮಾರು 280 ದಿನ ಹೊಟ್ಟೆಯೊಳಗೇ ಬೆಳೆದು ಬಂದ ಜೀವ.

ರಾತ್ರಿ ಯಾಕೋ ಆಸ್ಟ್ರೇಲಿಯಾದ ಕೆಂಪು ಕಾಂಗರೂ ನೆನಪಾಯಿತು. ಅದರ ಗರ್ಭ ಬರೀ 33 ದಿನದ್ದು. ಹುಟ್ಟುವ ಮರಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಕಣ್ಣು ತೆರೆದಿಲ್ಲ, ಹಿಂಗಾಲು ಇನ್ನೂ ಮೊಳಕೆ. ಆದರೆ ಮುಂಗಾಲಲ್ಲಿ ಎಂಥ ಕಸುವು! ತಾಯಿಯ ರೋಮ ಹಿಡಿದು ತಾನೇ ಹತ್ತಿ ಚೀಲ ಸೇರುತ್ತದೆ. ತಾಯಿ ಎತ್ತಿ ಹಾಕುವುದಿಲ್ಲ. ಅಲ್ಲಿ ಮೊಲೆತೊಟ್ಟು ಬಾಯೊಳಗೆ ಉಬ್ಬಿ ಮರಿಯನ್ನು ಬಿಡದೆ ಹಿಡಿದಿಡುತ್ತದೆ. ಚೀಲ ಪೂರ್ತಿ ಬಿಡಲು ಸುಮಾರು 8 ತಿಂಗಳು ಬೇಕು.

ನನಗೆ ತುಂಬ ತಟ್ಟಿದ್ದು ಹಾಲಿನ ಸಂಗತಿ. ಹೊರಗೆ ಕುಪ್ಪಳಿಸುವ ದೊಡ್ಡ ಮರಿಗೆ ಒಂದು ತೊಟ್ಟಲ್ಲಿ ಕೊಬ್ಬಿನ ಗಟ್ಟಿ ಹಾಲು, ಚೀಲದೊಳಗಿನ ಎಳೆಯದಕ್ಕೆ ಇನ್ನೊಂದರಲ್ಲಿ ತೆಳು ಹಾಲು. ಒಂದೇ ತಾಯಿ, ಒಂದೇ ಹೊತ್ತಿಗೆ!

ಬೆಳಿಗ್ಗೆ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಗಿಣ್ಣು ಕಾಸುತ್ತಿದ್ದವಳು ಸೌಟು ನಿಲ್ಲಿಸಿ ಕೇಳಿದಳು: "ಹತ್ತುವಾಗ ಆ ಪುಟ್ಟದು ಜಾರಿ ಬಿದ್ದರೆ?"

ಬದುಕುವುದಿಲ್ಲಮ್ಮ, ಅಂದೆ. ಅವಳು ಎದ್ದು ಕೊಟ್ಟಿಗೆಗೆ ಹೋಗಿ ಕರು ನೋಡಿಕೊಂಡು ಬಂದಳು.